ಅರಿಶಿನ ಕುಂಕುಮ ಕಂಡ ಬಂದೂಕು

ಎಲ್ಲ ರಗಳೆಗೂ ಮೂಲ ಒಂದು ಹಿಡಿ ಹುಣಸೆಹಣ್ಣು. ಸದಾಶಿವಯ್ಯನವರು ಅದನ್ನು ನೀರಿನಲ್ಲಿ ನೆನೆಹಾಕದೆ ಇದ್ದಿದ್ದರೆ ಚೆಲುವರಾಜುವಿನ ಬಂದೂಕಿಗೆ ಒಂದಿಷ್ಟು ಬೆಲೆಯಾದರೂ ಉಳಿಯುತ್ತಿತ್ತು. ಆದರೆ ಹೂಟಗಳ್ಳಿಯ ಆ ಬೀದಿಯಲ್ಲಿ ಸದಾಶಿವಯ್ಯನವರು ಇರುವ ತನಕ ಯಾವ ಮನೆಯ ಕೆಲಸವೂ ಆ ಮನೆಯವರ ಕೈಯಲ್ಲಿ ಉಳಿಯುವುದಿಲ್ಲ. ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಲ್ಲಿ ಸಾಮಾನು ಕೊಡುತ್ತಿದ್ದರು, ಇಲ್ಲಿ ಬುದ್ಧಿ ಕೊಡುತ್ತಾರೆ. ಅಲ್ಲಿ ಕೇಳಿದವರಿಗೆ ಮಾತ್ರ ಕೊಡುತ್ತಿದ್ದರು ಎನ್ನುವುದಷ್ಟೇ ವ್ಯತ್ಯಾಸ.

ಅವತ್ತು ಬೆಳಿಗ್ಗೆಯೂ ಚೆಲುವರಾಜುವಿನ ಹೆಂಡತಿ ಸರೋಜಮ್ಮ ಎಂದಿನಂತೆ ಕತ್ತು ತಡಕಿಕೊಂಡು ಅಳುತ್ತಲೇ ಎದ್ದಳು.

“ರೀ, ನನ್ನ ಅವಲಕ್ಕಿ ಸರ ಕಾಣುಸ್ತಿಲ್ಲ ಕಣ್ರೀ. ಮಲಗೋವಾಗ ಇತ್ತು. ಯಾರೋ ಕಿತ್ಕೊಂಡೋಗವ್ರೆ.”

“ಇಲ್ಲೇ ಎಲ್ಲೋ ಇರ್ತದೆ. ಎದ್ದು ಮಖ ತೊಳ್ಕೊ ಸರೋಜ.”

“ಎಲ್ಲಿರ್ತದೆ? ಕಳ್ಳ ಬಂದು ಕತ್ತಿಗೆ ಕೈ ಹಾಕೋವಾಗ ಬಂದೂಕ ಇಟ್ಕೊಂಡು ನೀವೇನ್ ಮಾಡ್ತಿದ್ರಿ? ಊರೋರ ಚಿನ್ನ ಕಾಯೋಕೆ ಓಯ್ತೀರಿ, ಎಂಡ್ತಿ ಕತ್ತು ಕಾಯಕಾಗಲ್ವಾ?”

ಎರಡು ವರ್ಷದಿಂದ ಹೀಗೆ. ನಿನ್ನೆ ಉಂಡದ್ದು ಅವಳಿಗೆ ನೆನಪಿಲ್ಲ, ಇವತ್ತು ಬಂದವರು ಯಾರೆಂದು ತಿಳಿಯುವುದಿಲ್ಲ. ಹಳೆಯದು ಮಾತ್ರ ಗಟ್ಟಿಯಾಗಿ ಉಳಿದಿದೆ. ಡಾಕ್ಟರು, “ವಾದ ಮಾಡಬೇಡಿ, ಹೂಂಗುಟ್ಟಿಕೊಂಡು ಹೋಗಿ” ಎಂದಿದ್ದರು. ಚೆಲುವರಾಜು ಹೂಂಗುಟ್ಟುತ್ತಿದ್ದ. ಕಳ್ಳ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅವನನ್ನು ನೋಡಿಕೊಂಡೇ ಗಡ್ಡ ಹೆರೆಯುತ್ತಿದ್ದ.

ಮೂವತ್ತು ವರ್ಷದ ಹಿಂದಿನ ಮಾತು. ಹೂಟಗಳ್ಳಿಯ ಹೊಲ ಕಾರ್ಖಾನೆಗೆ ಹೋಗಿತ್ತು, ಕಾರ್ಖಾನೆಯಲ್ಲಿ ಕೆಲಸ ಮಾತ್ರ ಸಿಗಲಿಲ್ಲ. ಊರೊಳಗಿನ ಬ್ಯಾಂಕೊಂದಕ್ಕೆ ಗನ್‌ಮ್ಯಾನ್ ಬೇಕಾಗಿದ್ದಾನೆ ಎಂಬ ಸುದ್ದಿ ಬಂತು. ಷರತ್ತು ಒಂದೇ: ಬಂದೂಕು ಅವನದೇ ಇರಬೇಕು, ಲೈಸೆನ್ಸೂ ಅವನದೇ ಇರಬೇಕು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಅಪ್ಪ ಮಾಡಿಸಿದ್ದ ಲೈಸೆನ್ಸು ಚೆಲುವರಾಜುವಿನ ಹೆಸರಿಗೆ ಬಂದಿತ್ತು. ಅಪ್ಪನ ಬಂದೂಕು ಮಾತ್ರ ಗೆದ್ದಲು ತಿಂದು ಒನಕೆಗಿಂತ ಕಡೆಯಾಗಿತ್ತು. ಹೊಸದನ್ನು ಕೊಳ್ಳಲು ಮನೆಯಲ್ಲಿ ಕಾಸಿರಲಿಲ್ಲ. ಆಗ ಮದುವೆಯಾಗಿ ಇನ್ನೂ ವರ್ಷ ತುಂಬದ ಸರೋಜಮ್ಮ, ತವರಿನವರು ಹಾಕಿದ್ದ ಚಿನ್ನದ ಅವಲಕ್ಕಿ ಸರವನ್ನು ತಾನೇ ಬಿಚ್ಚಿ ಅವನ ಕೈಗಿಟ್ಟಿದ್ದಳು.

“ಕತ್ತು ಎಲ್ಲಿಗೂ ಓಡೋಗಲ್ಲ ಕಣ್ರೀ, ಕೆಲ್ಸ ಓಡೋಗ್ತದೆ. ಬಿರ್ರನೆ ಓಗಿ.”

ಸರ ಮಾರಿ ಜೋಡಿನಳಿಗೆ ಬಂದೂಕು ತಂದ. “ಕೆಲಸ ಮುಗಿದ ದಿನ ಇದನ್ನು ಮಾರಿ ನಿನ್ನ ಸರ ನಿನಗೆ ಮಾಡಿಸಿಕೊಡ್ತೀನಿ” ಎಂದು ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿದು ಹೇಳಿದ. ಕೆಲಸವೂ ಮುಗಿಯಿತು, ಬ್ಯಾಂಕಿನವರು ಕ್ಯಾಮೆರಾ ಹಾಕಿಸಿ ಚೆಲುವರಾಜುವಿಗೆ ಒಂದು ಶಾಲು ಹೊದಿಸಿ ಕಳಿಸಿದರು. ಆಮೇಲೆ ಇವತ್ತು ನಾಳೆ ಅನ್ನುತ್ತಲೇ ದಿನ ದೂಡಿದ. ಮಕ್ಕಳಿಲ್ಲದ ಮನೆಯಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ ಆ ಬಂದೂಕು ಮಗನ ಹಾಗೇ ಆಗಿತ್ತು. ಅವನು ಮಾರಲು ಮನಸ್ಸು ಮಾಡುವಷ್ಟರಲ್ಲಿ, ಸರ ಕೊಟ್ಟದ್ದನ್ನೇ ಅವಳು ಮರೆತಿದ್ದಳು. ಕೊಟ್ಟದ್ದು ಮರೆತು ಕಳೆದದ್ದು ಮಾತ್ರ ನೆನಪುಳಿಯಿತು. ಆ ದುಃಖವನ್ನು ಅವನು ಯಾರಲ್ಲಿ ಹೇಳಿಕೊಳ್ಳಬೇಕು?

ಮಾರಲು ಪೊಲೀಸರ ಅನುಮತಿ ಪಡೆಯುವುದಕ್ಕೇ ತಿಂಗಳುಗಟ್ಟಲೆ ತಿರುಗಿದ್ದ. ಅದರ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಹಾಗಾಗಿ ಏನೇ ಆಗಲಿ ಈ ದಿನ ಬಂದೂಕು ಮಾರಿ, ಸಂಜೆಯೊಳಗೆ ಅವಳ ಕತ್ತಿಗೆ ಸರ ಹಾಕಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದ.

ಸರೋಜಮ್ಮನನ್ನು ನೋಡಿಕೊಳ್ಳಲು ಎದುರುಮನೆಯ ಪುಟ್ಟಲಿಂಗಮ್ಮ ಬಂದಳು. ವಿಷಯ ಕೇಳಿ ಅವಳು ಹಣೆ ಚಚ್ಚಿಕೊಂಡಳು.

“ಅಲ್ಲ ಕಣ್ ಚೆಲುವಣ್ಣ, ಒಂದು ಗ್ರಾಂ ಗೋಲ್ಡ್ ಅಂತ ಮಾರ್ತಾರಲ್ಲ, ಅಂತದ್ದೊಂದು ತಂದು ಹಾಕ್ಬುಡು. ಚಿನ್ನದ ನೀರು ಕುಡಿಸಿರ್ತಾರೆ, ಥೇಟು ಚಿನ್ನನೇ. ಅಕ್ಕಂಗೆ ಏನು ಗೊತ್ತಾದದು?”

“ಅವಳಿಗೆ ಗೊತ್ತಾಗಲ್ಲ, ನಂಗೆ ಗೊತ್ತಾಗ್ತದಲ್ಲ ಪುಟ್ಟಲಿಂಗಮ್ಮ. ಇಷ್ಟು ವರ್ಷ ಸುಳ್ಳು ಹೇಳಿದ್ದೇ ಸಾಕು.”

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಸದಾಶಿವಯ್ಯನವರು ತಲೆ ಹಾಕಿದರು. “ಏನ್ ರಾಜು, ಈ ಅವತಾರದಲ್ಲೇ ತಗೊಂಡು ಹೋಗ್ತೀಯಾ? ಕರ್ರಗೆ, ಇದ್ದಿಲು ಗೂಡಿಂದ ಎದ್ದು ಬಂದ ಹಾಗಿದೆ. ಹಳೆ ಸ್ಕೂಟರ್ ಮಾರೋರೂ ಮೊದಲು ತೊಳೀತಾರೆ. ನಾಲ್ಕು ಪಟ್ಟು ಬೆಲೆ ಬರ್ಬೇಕಾ ಬೇಡ್ವಾ?”

ಚೆಲುವರಾಜು ಬೇಡ ಎನ್ನುವುದರೊಳಗೆ ಅವರು ಹುಣಸೆಹಣ್ಣು ನೆನೆಹಾಕಿ ಆಗಿತ್ತು. ಆಯುಧಪೂಜೆಯ ಹಿಂದಿನ ದಿನ ದೀಪದ ಕಂಬ ತಿಕ್ಕುವ ಹುರುಪಿನಲ್ಲಿ ನಳಿಗೆಗಳನ್ನು ಹುಳಿ, ಬೂದಿ, ಹಿತ್ತಾಳೆ ಬೆಳಗುವ ಪುಡಿ ಹಾಕಿ ತಿಕ್ಕಿದರು. ಮರದ ಹಿಡಿಗೆ ತಮ್ಮ ಮನೆ ಬಾಗಿಲಿಗೆ ತಂದು ಉಳಿದಿದ್ದ ವಾರ್ನಿಷ್ ಬಳಿದರು. ಗಂಟೆಯೊಳಗೆ ಬಂದೂಕು ಮದುವೆಮನೆಯ ಕೊಳಗದಂತೆ ಫಳಫಳ ಹೊಳೆಯಿತು. ಪುಟ್ಟಲಿಂಗಮ್ಮ ಕೂಡ ಮೂಗಿನ ಮೇಲೆ ಬೆರಳಿಟ್ಟಳು.

“ನೋಡು, ಈಗ ಗೋಕುಲಂಗೆ ಹೋಗು” ಎಂದರು ಸದಾಶಿವಯ್ಯ, ಕೈ ಒರೆಸಿಕೊಳ್ಳುತ್ತ. “ನನ್ನ ಅಳಿಯನಿಗೆ ಪರಿಚಯದವನು ವಸಿಷ್ಠ ಅಂತ ಇದಾನೆ, ಹೊಸ ಕಾಫಿ ಅಂಗಡಿ ಹಾಕ್ತಾ ಇದಾನೆ. ಹೋದ ವಾರವೇ ಬಂದೂಕಿನ ಫೋಟೋ ಕಳಿಸಿದ್ದೆ. ಕಣ್ಣು ಮುಚ್ಚಿಕೊಂಡು ದುಡ್ಡು ಕೊಡ್ತಾನೆ.”

ಬಂದೂಕಿನ ಹಳೆಯ ಚೀಲ ಹರಿದಿತ್ತು. ಪುಟ್ಟಲಿಂಗಮ್ಮನ ಮಗಳು ಸುಮಾ ಗೋಕುಲಂನ ಯೋಗಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ಅವಳು ತಂದಿದ್ದ ಯೋಗದ ಚಾಪೆಯ ಚೀಲದೊಳಗೆ ಬಂದೂಕನ್ನು ಇಳಿಸಿದರು. ಹೊರಗುಳಿದ ಒಂದು ಗೇಣಿಗೆ ಹಳೆಯ ಟವೆಲು ಸುತ್ತಿದ್ದಾಯಿತು. ಲೈಸೆನ್ಸನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಚೆಲುವರಾಜು ಬಸ್ಸು ಹತ್ತಿದ.

ಗೋಕುಲಂನಲ್ಲಿ ಇಳಿದರೆ ರಸ್ತೆ ತುಂಬ ಅಂಥದೇ ಚೀಲ ಹೆಗಲಿಗೆ ಹಾಕಿದ, ಯೋಗ ಕಲಿಯಲು ಬಂದ ವಿದೇಶಿಯರು. ಎದುರು ಬಂದ ಬಿಳಿ ಹೆಣ್ಣುಮಗಳೊಬ್ಬಳು ಅವನ ನರೆತ ಮೀಸೆ, ನೆಟ್ಟ ಬೆನ್ನು, ಹೆಗಲ ಚೀಲ ನೋಡಿ ಯಾರೋ ದೊಡ್ಡ ಗುರುಗಳಿರಬೇಕು ಎಂದುಕೊಂಡು ಬಗ್ಗಿ ಕೈಮುಗಿದಳು. ಅವಳ ಹಿಂದಿದ್ದವರೂ ಮುಗಿದರು. ಅಷ್ಟು ವರ್ಷ ಬ್ಯಾಂಕಿನ ಬಾಗಿಲಲ್ಲಿ ಬಂದವರಿಗೆಲ್ಲ ತಾನು ಸಲಾಮು ಹೊಡೆದವನಿಗೆ ಇದು ಹೊಸದು. ಅವನಿಗೆ ಸಂಕೋಚವಾಗಿ ಎಳನೀರಿನ ಗಾಡಿಯ ಹಿಂದೆ ಸರಿದುಕೊಂಡ.

“ಏನ್ ಯಜಮಾನ್ರೆ, ಈ ವಯಸ್ನಲ್ಲಿ ಯೋಗನಾ?” ಎಂದ ಎಳನೀರಿನವನು.

“ಊಂ ಕಣಪ್ಪ. ಇವತ್ತೇ ಕಡೆ ದಿನ” ಎಂದ ಚೆಲುವರಾಜು. ಹೇಳಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

ವಸಿಷ್ಠ ಜುಟ್ಟು ಕಟ್ಟಿಕೊಂಡ ಒಳ್ಳೆಯ ಹುಡುಗ. ಅಂಗಡಿಯ ಗೋಡೆಗೆ ಹಳೆಯ ಗಡಿಯಾರ, ತೂತು ಬಿದ್ದ ಕೊಡ, ಮುರಿದ ಗಾಡಿ ಚಕ್ರ ಎಲ್ಲ ತೂಗುಹಾಕಿದ್ದ. ಚೀಲದಿಂದ ಬಂದೂಕು ಹೊರಬಂದದ್ದೇ ತಡ, ಅವನ ಮುಖ ಇಳಿಯಿತು.

“ಅಂಕಲ್, ಇದೇನಿದು? ಫೋಟೋದಲ್ಲಿ ಎಷ್ಟು ಚೆನ್ನಾಗಿ ಹಳೇದಾಗಿತ್ತು! ಈಗ ನಿನ್ನೆ ಅಂಗಡಿಯಿಂದ ತಂದ ಹಾಗಿದೆಯಲ್ಲ.”

“ತಿಕ್ಕಿದ್ವಿ ಸಾರ್.”

“ಅಯ್ಯೋ! ಮತ್ತೆ ತುಕ್ಕು ಹಿಡಿಸೋಕಾಗುತ್ತಾ?”

ಆದರೂ ಅವನು ಹೇಳಿದ ಬೆಲೆ ಕೇಳಿ ಚೆಲುವರಾಜುವಿನ ಎದೆ ಹಾರಿತು. ಅವಲಕ್ಕಿ ಸರದ ಜೊತೆಗೆ ಒಂದು ಜೊತೆ ಓಲೆಯೂ ಬರುವಂಥ ಬೆಲೆ. ಕಣ್ಣೆದುರು ಸರೋಜಮ್ಮ ಓಲೆ ಹಾಕಿಕೊಂಡು ನಗುತ್ತ ಬಂದಳು. ಅವನು ಕೇಳಿದ:

“ನಿಮ್ ಲೈಸೆನ್ಸು ಒಂಚೂರು ತೋರಿಸ್ತೀರಾ ಸಾರ್?”

“ಲೈಸೆನ್ಸಾ? ಗೋಡೆಗೆ ನೇತುಹಾಕೋಕೆ ಯಾಕೆ ಲೈಸೆನ್ಸು ಅಂಕಲ್? ನಾವೇನು ಕಾಫಿ ಕುಡಿದು ದುಡ್ಡು ಕೊಡದವರಿಗೆ ಹೊಡೀತೀವಾ?”

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಬಂದೂಕಿನ ವ್ಯಾಪಾರದಲ್ಲಿ ಈ ಗಾದೆಗೆ ಸಾಟಿಯಿಲ್ಲ: ಬೇಕೆನ್ನುವವನ ಹತ್ತಿರ ಲೈಸೆನ್ಸಿಲ್ಲ, ಲೈಸೆನ್ಸಿದ್ದವನಿಗೆ ಇನ್ನೊಂದು ಬಂದೂಕು ಬೇಡ. ಕೊಟ್ಟು ಬಂದು, ಬಸ್ಸಿನಲ್ಲಿ ಕಳೆದುಹೋಯಿತು ಎಂದು ಹೇಳಿದರೆ ಯಾರು ಕೇಳುತ್ತಾರೆ? ಸರೋಜಳ ಓಲೆ ಇನ್ನೂ ಕಣ್ಣೆದುರೇ ತೂಗುತ್ತಿತ್ತು. ಆದರೆ ಎಷ್ಟೋ ವರ್ಷ ಖಾಕಿ ಹಾಕಿಕೊಂಡು ನಿಂತ ಬೆನ್ನು ಬಾಗಲೊಪ್ಪಲಿಲ್ಲ.

“ಗೋಡೆ ಮೇಲಿದ್ರೂ ಬಂದೂಕು ಬಂದೂಕೇ ಸಾರ್” ಎಂದು ಚೀಲಕ್ಕೆ ಹಾಕಿಕೊಂಡು ಹೊರಟ. ವಸಿಷ್ಠ ಬೇಸರ ಮಾಡಿಕೊಳ್ಳದೆ ಕಾಫಿ ಕೊಟ್ಟು ಕಳಿಸಿದ. ಅದು ಕಹಿಯಾಗಿತ್ತು.

ಉಳಿದದ್ದು ಮಂಡಿ ಮೊಹಲ್ಲಾದ ಖಲೀಲ್ ಸಾಹೇಬರು. ಮೂವತ್ತು ವರ್ಷದ ಹಿಂದೆ ಅವರ ತಂದೆಯ ಕೈಯಿಂದಲೇ ಈ ಜೋಡಿನಳಿಗೆ ಕೊಂಡದ್ದು. ಸಗಟು ಅಂಗಡಿಗಳ ನಡುವಿನ ಸಂದಿಯಲ್ಲಿ ಮೂಟೆ, ಕೈಗಾಡಿ ದಾಟಿಕೊಂಡು ಬಂದೂಕಿನಂಗಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಸಾಹೇಬರು ಕನ್ನಡಕ ಏರಿಸಿ ನೋಡಿದರು. ಮುಟ್ಟಲಿಲ್ಲ.

“ಯಾ ಅಲ್ಲಾ! ಇದಕ್ಕೆ ಸ್ನಾನ ಮಾಡಿಸಿದವರು ಯಾರು ಚೆಲುವರಾಜು?”

“ಪಕ್ಕದ್ಮನೆಯೋರು. ಒಳ್ಳೆ ಬೆಲೆ ಬತ್ತದೆ ಅಂತ.”

“ಬಂದೂಕಿಗೆ ಆ ಕಪ್ಪೇ ಚರ್ಮ ಕಣಪ್ಪ. ನೀವು ಚರ್ಮ ಸುಲಿದು ತಂದಿದ್ದೀರಿ. ಕಂಪನಿ ಮುದ್ರೆನೂ ಮುಕ್ಕಾಲು ಹೋಗಿದೆ. ಪುಣ್ಯಕ್ಕೆ ನಂಬರ್ ಉಳಿದಿದೆ, ಇಲ್ಲಾಂದ್ರೆ ನಿಮ್ಮನ್ನ ಒಳಗೆ ಹಾಕ್ತಿದ್ದರು. ನಿನ್ನೆ ತಂದಿದ್ರೆ ಬೇರೆ ಮಾತು. ಈಗ ಅರ್ಧ.”

ಚೆಲುವರಾಜು ಕುರ್ಚಿಯ ತುದಿಯಲ್ಲಿ ಕೂತ. “ಆಗ್ಲಿ ಸಾಹೇಬ್ರೆ. ಆದ್ರೆ ಒಂದು ಮಾತು. ಇದು ಒಂದ್ಸಲನೂ ಹಾರಿಲ್ಲ. ದೇವರಾಣೆ. ಬ್ಯಾಂಕಲ್ಲಿ ಪಾರಿವಾಳ ಓಡ್ಸೋಕೂ ಕೈಯಲ್ಲೇ ಚಪ್ಪಾಳೆ ತಟ್ತಿದ್ದೆ. ಹೊಸದೇ ಅಂತ ಲೆಕ್ಕ. ಅದಕ್ಕೊಂದು ಯೋಗ್ಯ ಬೆಲೆ ಕಟ್ಟಿ.”

ಸಾಹೇಬರಿಗೆ ಮನಸ್ಸು ಕರಗಿತು. ಬಂದೂಕು ಎತ್ತಿ, ಒಳಗೆ ಏನೂ ಇಲ್ಲವೆಂದು ನೋಡಿ, ತೋಟೆಗೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದು ಟ್ರಿಗರ್ ಒತ್ತಿದರು. ಟಪ್ಪೆಂದು ಬೀಳಬೇಕಾದ ಕುದುರೆ, ಹೊಂಡದಲ್ಲಿ ಮಲಗಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತು. ಇನ್ನೊಂದನ್ನು ಎಳೆದರು. ಅದೂ ಅಷ್ಟೆ. ಅವರು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದರು.

ಒಳಗಿಂದ ಮೊದಲು ಬಿದ್ದದ್ದು ಅಕ್ಷತೆ. ಆಮೇಲೆ ಒಣಗಿದ ಚೆಂಡುಹೂವಿನ ಎಸಳು. ಅದರ ಹಿಂದೆ ಕೊಬ್ಬರಿ ಎಣ್ಣೆ, ಕುಂಕುಮ, ಅರಿಶಿನ, ವಿಭೂತಿ ಎಲ್ಲ ಕಲೆತು ಬೆಲ್ಲದಚ್ಚಿನಂತೆ ಗಟ್ಟಿಯಾದ ಒಂದು ಮುದ್ದೆ.

“ಇದು ಬಂದೂಕಲ್ಲ ಚೆಲುವರಾಜು, ದೇವರ ಮನೆ” ಎಂದರು ಖಲೀಲ್ ಸಾಹೇಬರು. “ಯಾರು ಮಾಡಿದ್ದು ಈ ಪೂಜೆ?”

“ನಮ್ಮನೆಯವಳು. ಪ್ರತಿ ವರ್ಷ ಆಯುಧಪೂಜೆಗೆ. ಎಣ್ಣೆ ಬುಟ್ಟು, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು...”

“ಇದು ಹಾರೋದು ನಿಂತು ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ನೀವು ಬ್ಯಾಂಕು ಕಾದದ್ದು ಇದರಲ್ಲೇನು?”

ನಗಬೇಕಾದ ಮಾತೇ. ಸಾಹೇಬರ ಮೀಸೆಯ ಅಂಚಿನಲ್ಲಿ ನಗು ಬಂದಿತ್ತು ಕೂಡ. ಚೆಲುವರಾಜುವಿನ ಮುಖ ನೋಡಿ ಅದು ಅಲ್ಲೇ ನಿಂತಿತು. ಅವನಿಗೆ ಕಾಣುತ್ತಿದ್ದದ್ದು ಬೇರೆ: ಒದ್ದೆಕೂದಲಿನ ಸರೋಜ ಬರಿಗತ್ತಿನಲ್ಲಿ ಬಂದೂಕಿನ ಮುಂದೆ ಕೂತು, “ಇವರಿಗೆ ಏನೂ ಆಗದಂಗೆ ನೋಡ್ಕೊಳಪ್ಪ” ಎಂದು ಎಣ್ಣೆ ಹೊಯ್ಯುತ್ತಿದ್ದಳು. ಏನೂ ಆಗಲಿಲ್ಲ, ನಿಜ. ಗಂಡನಿಗೂ ಆಗಲಿಲ್ಲ, ಕಳ್ಳರಿಗೂ ಆಗುತ್ತಿರಲಿಲ್ಲ.

ಅರ್ಧದ್ದು ಮತ್ತೆ ಅರ್ಧವಾಯಿತು. ಸಾಹೇಬರು ಒಳಕೋಣೆಯ ಪರದೆ ಸರಿಸಿ ತೋರಿಸಿದರು: ಗೋಡೆಯುದ್ದಕ್ಕೂ ಕೆಲಸ ಹೋದ ಗನ್‌ಮ್ಯಾನುಗಳ ಬಂದೂಕುಗಳು, ಒಂದೊಂದರ ಹಣೆಯಲ್ಲೂ ಮಾಸಿದ ಕುಂಕುಮ. “ಇವಕ್ಕೆಲ್ಲ ಗಿರಾಕಿ ಇಲ್ಲಪ್ಪ. ನಿಮ್ಮ ಮುಖ ನೋಡಿ ತಗೊಳ್ತಿದ್ದೀನಿ.”

ಗಡುವು ಇವತ್ತೇ. ವಾಪಸು ತೆಗೆದುಕೊಂಡು ಹೋದರೆ ಮತ್ತೆ ಕಚೇರಿ ಅಲೆಯಬೇಕು, ಅಷ್ಟರಲ್ಲಿ ಸರೋಜ ಇನ್ನೇನೇನು ಮರೆಯುತ್ತಾಳೋ. ಚೆಲುವರಾಜು ರುಜು ಹಾಕಿದ, ಲೈಸೆನ್ಸನ್ನೂ ಒಪ್ಪಿಸಿದ. ಬರುವಾಗ ಬಂದೂಕಿನ ಹಿಡಿಯನ್ನು ಒಂದು ಸಲ ಸವರಿದ. ವಾರ್ನಿಷ್ ಇನ್ನೂ ಒಣಗಿರಲಿಲ್ಲ, ಬೆರಳಿಗೆ ಅಂಟಿತು.

ಚಿನ್ನದಂಗಡಿಯವನು ಹಣ ನೋಡಿ, ಮರ್ಯಾದೆಯಿಂದಲೇ ಹೇಳಿದ: “ಯಜಮಾನ್ರೆ, ಇದಕ್ಕೆ ಸರದ ಕೊಂಡಿ ಬರುತ್ತೆ. ಸರ ಬರಲ್ಲ.”

ಬರಿಯ ಕೊಂಡಿಯನ್ನು ಯಾವ ಕತ್ತಿಗೆ ಹಾಕುವುದು? ಅವನು ಬೀದಿಯಲ್ಲಿ ಸುಮಾರು ಹೊತ್ತು ನಿಂತಿದ್ದ. ಕೊನೆಗೆ ತಲೆ ತಗ್ಗಿಸಿಕೊಂಡು, ಪುಟ್ಟಲಿಂಗಮ್ಮ ಹೇಳಿದ್ದ ಒಂದು ಗ್ರಾಂ ಗೋಲ್ಡ್ ಅಂಗಡಿಗೇ ಹೋದ. ಅವಲಕ್ಕಿ ಸರ ಅಲ್ಲಿ ರಾಶಿ ಬಿದ್ದಿತ್ತು. ಅದರ ಬೆಲೆಗೆ ಬಂದೂಕು ಮಾರಬೇಕಾಗಿಯೇ ಇರಲಿಲ್ಲ. ಒಂದು ತಿಂಗಳು ಬೀಡಿ ಬಿಟ್ಟಿದ್ದರೆ ಸಾಕಾಗಿತ್ತು. ಇದನ್ನು ಯೋಚಿಸಿದಷ್ಟೂ ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ಪುಟ್ಟಲಿಂಗಮ್ಮ ಅವನ ಮುಖ ನೋಡಿ ಎದ್ದು ಹೋದಳು. ಚೆಲುವರಾಜು ಹೆಂಡತಿಯ ಹಿಂದೆ ನಿಂತು ಸರ ಹಾಕಿದ. ಅವಳು ಕತ್ತು ಮುಟ್ಟಿ ನೋಡಿಕೊಂಡಳು. ಒಂದೊಂದು ಎಸಳನ್ನೂ ಬೆರಳಿನಿಂದ ಸವರಿದಳು. ಕನ್ನಡಿಯ ಮುಂದೆ ಹೋಗಿ ಸೆರಗು ಸರಿಮಾಡಿಕೊಂಡು ನಿಂತಳು. ಎರಡು ವರ್ಷದಲ್ಲಿ ಅವನು ಕಾಣದ ನಗು ಅವಳ ಮುಖಕ್ಕೆ ಬಂತು.

“ಸಿಕ್ತಾ?”

“ಸಿಕ್ತು ಕಣ್ ಸರೋಜ. ಕಳ್ಳನೇ ತಂದುಕೊಟ್ಟ.”

“ಪಾಪ, ಒಳ್ಳೆಯವನು” ಎಂದಳು. ಚೆಲುವರಾಜು ಗೋಡೆಗೆ ಒರಗಿದ. ಸುಳ್ಳು ಸರವಾದರೂ ಸರಿ, ನಾಳೆ ಬೆಳಿಗ್ಗೆ ಅವಳು ಅಳುತ್ತ ಏಳುವುದಿಲ್ಲ. ಅದಿಷ್ಟು ಸಾಕು ಎನ್ನಿಸಿತು.

ಸರೋಜಮ್ಮನ ಕಣ್ಣು ಕನ್ನಡಿಯಿಂದ ಗೋಡೆಗೆ ಹೋಯಿತು, ಗೋಡೆಯ ಮೊಳೆಯ ಮೇಲೆ ನಿಂತಿತು.

“ರೀ, ಬಂದೂಕ ಎಲ್ಲಿ?”

ಅವನೂ ಆ ಖಾಲಿ ಮೊಳೆಯತ್ತ ತಿರುಗಿದ.

“ಬಂದೂಕ ಇಲ್ದೆ ಬ್ಯಾಂಕಿಗೆ ಎಂಗೋಯ್ತೀರಿ? ಬಂದೂಕ ಇದ್ರೇನೇ ಕೆಲ್ಸ ಅಂತ ನಿನ್ನೆ ತಾನೆ ಹೇಳುದ್ರಿ?” ಅವಳು ತುಸು ಯೋಚಿಸಿದಳು. ಆಮೇಲೆ ಎರಡೂ ಕೈ ಹಿಂದೆ ಮಾಡಿ, ಕೊಂಡಿ ಬಿಚ್ಚಿ, ಸರವನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. “ಇದ ಮಾರ್ಬುಟ್ಟು ತಕೊಂಬನ್ನಿ. ಕತ್ತು ಎಲ್ಲಿಗೂ ಓಡೋಗಲ್ಲ ಕಣ್ರೀ, ಕೆಲ್ಸ ಓಡೋಗ್ತದೆ. ಬಿರ್ರನೆ ಓಗಿ.”

ಅದೇ ಮಾತು, ಅದೇ ದನಿ. ಚೆಲುವರಾಜು ಗಂಡಸು, ಅದರಲ್ಲೂ ಗನ್‌ಮ್ಯಾನು; ಆದರೂ ಮಗುವಿನಂತೆ ಅತ್ತ. ಅವಳು ಅವನ ಬೆನ್ನು ಸವರಿ, “ಆಮೇಲೆ ಮಾಡುಸ್ಕೊಂಡ್ರಾಯ್ತು, ಅದಕ್ಯಾಕೆ ಅಳ್ತೀರಿ?” ಎನ್ನುತ್ತ ಹೊಸ್ತಿಲಿನವರೆಗೆ ದೂಡಿಕೊಂಡು ಬಂದಳು.

ಹೊರಗೆ ಕಾಂಪೌಂಡಿನ ಮೇಲೆ ಸದಾಶಿವಯ್ಯನವರ ತಲೆ ಕಾದಿತ್ತು. “ಏನ್ ರಾಜು? ಯೋಗ್ಯ ಬೆಲೆ ಬಂತಾ?”

ಚೆಲುವರಾಜು ಮುಷ್ಟಿ ಬಿಚ್ಚಿ ನೋಡಿದ. “ಬಂತು ಸಾರ್. ಅವತ್ತು ಎಷ್ಟು ಕೊಟ್ಟಿದ್ದಳೋ ಅಷ್ಟೂ ಬಂತು.”

“ನಾನು ಹೇಳಲಿಲ್ವಾ?” ಸದಾಶಿವಯ್ಯನವರ ಮುಖ ಅರಳಿತು. “ಎಲ್ಲಾ ಆ ಹುಣಸೆಹಣ್ಣಿನ ಮಹಿಮೆ ಕಣಯ್ಯ!”

“ಇನ್ನೂ ನಿಂತಿದ್ದೀರಾ? ಅಂಗಡಿ ಮುಚ್ಬುಡ್ತಾನೆ, ಓಗ್ರೀ!” ಎಂದು ಒಳಗಿನಿಂದ ಕೂಗು ಬಂತು.

ಚೆಲುವರಾಜು ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದ. ಮಾರನೆಯ ದಿನದಿಂದ ಅದೇ ಅವನ ಡ್ಯೂಟಿಯಾಯಿತು. ಬೆಳಿಗ್ಗೆ ಅವಳು ಅಳುತ್ತ ಎದ್ದಾಗ ಸರ ಹಾಕುವುದು, ಸಂಜೆ ಅವಳು ಬಿಚ್ಚಿ ಕೊಟ್ಟಾಗ ಅದನ್ನು ಹಿಡಿದು ಬಂದೂಕು ತರಲು ಹೊರಡುವುದು. ಬೀದಿಯವರು ವಾಕಿಂಗ್ ಅಂದುಕೊಂಡಿದ್ದಾರೆ.